ಕಿಟಕಿಯ ಬಳಿಯೊಂದು ಕಾಯಕ



ಚೈತ್ರ ಶುದ್ಧ ಪಾಡ್ಯದಂದು ಬೇವು-ಬೆಲ್ಲ ಹಂಚಿದ ಮೇಲೆ ವೈಶಾಖ ಶುದ್ಧ ತದಿಗೆಯ ಬಸವ ಜಯಂತಿಗೆ ಸುಮಾರು ಒಂದು ತಿಂಗಳ ಅವಧಿ ದೊರೆಯುತ್ತದೆ. 2025ರಲ್ಲಿ ಯುಗಾದಿ ಮಾರ್ಚ್ 30ರಂದು, ಬಸವ ಜಯಂತಿ ಏಪ್ರಿಲ್ 30ರಂದು ಬಂದಿದ್ದವು. ಈ ನಡುವೆಯೇ ಮಕ್ಕಳ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಆರಂಭವಾಗುತ್ತದೆ. ಮೆಂತ್ಯದ ಕಾಳು ಮಣ್ಣಿಗೆ ಬಿದ್ದು ಅಡುಗೆಯ ಸೊಪ್ಪಾಗಲು ಬೇಕಾದುದೂ ಹೆಚ್ಚುಕಡಿಮೆ ಇಷ್ಟೇ ದಿನಗಳು. ಯುಗಾದಿಯಂದು ಮಗು ಬಿತ್ತಿದ ಮೆಂತ್ಯ ಬಸವ ಜಯಂತಿಯ ಪ್ರಸಾದದ ಎಲೆಗೆ ಬರುವಂತೆ ಮಾಡಲು ಹೊಲವೂ ಬೇಡ, ಹಿತ್ತಲೂ ಬೇಡ. ಬೆಳಕು ಬೀಳುವ ಒಂದು ಕಿಟಕಿ ಸಾಕು.

ಇದನ್ನು ಬರೆಯಲು ಒಂದು ಕಾರಣವಿದೆ. ನಮ್ಮ ಅನೇಕ ಮನೆಗಳ ಗೋಡೆಗಳ ಮೇಲೆ ಕಾಯಕದ ಮಹಿಮೆಯನ್ನು ಸಾರುವ ಫಲಕಗಳಿವೆ. ಆ ಫಲಕದ ಕೆಳಗೇ ಕುಳಿತ ಹತ್ತು ವರ್ಷದ ಬಾಲಕನಿಗೆ ನೀರಿನ ಲೋಟವನ್ನು ತಾಯಿಯೇ ತಂದುಕೊಡುತ್ತಾಳೆ. ಕಾಯಕವನ್ನು ಕುರಿತು ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಮಗುವಿಗೆ ತನ್ನದೆನ್ನುವ ಒಂದು ಕಾಯಕವೂ ಇರುವುದಿಲ್ಲ. ಶರಣರ ಸಮೂಹದಲ್ಲಿ ಬೇಸಾಯವನ್ನೇ ಕಾಯಕವಾಗಿಸಿಕೊಂಡ ಒಕ್ಕಲಿಗ ಮುದ್ದಣ್ಣನವರಿದ್ದರು. ಅವರ ಹೆಸರನ್ನು ಬಲ್ಲ ಮಕ್ಕಳು ಒಂದು ಕಾಳು ಮೊಳೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಕಂಡಿರಬೇಕೆಂದು ನಾವು ಬಯಸುವುದು ಅತಿಯಾದ ಆಸೆಯಲ್ಲ.

ಮೊದಲು ಕಾಳಿನ ಪರೀಕ್ಷೆಯಾಗಲಿ. ಅಡುಗೆಮನೆಯ ಡಬ್ಬಿಯಿಂದಲೇ ಹತ್ತು ಮೆಂತ್ಯದ ಕಾಳುಗಳನ್ನು ಮಗು ಎಣಿಸಿ ತೆಗೆದು ಒದ್ದೆಬಟ್ಟೆಯಲ್ಲಿ ಸುತ್ತಿಡಲಿ. ಎರಡು ಮೂರು ದಿನಗಳಲ್ಲಿ ಎಷ್ಟು ಕಾಳು ಮೊಳಕೆಯೊಡೆದವೆಂದು ಎಣಿಸಲಿ. ಏಳೆಂಟು ಮೊಳೆತರೆ ಆ ಕಾಳು ಬಿತ್ತನೆಗೆ ಯೋಗ್ಯ. ನಾಲ್ಕಕ್ಕಿಂತ ಕಡಿಮೆಯಾದರೆ ಬೇರೆ ಕಾಳು ತರುವುದು ಲೇಸು. ರೈತರು ಬಿತ್ತನೆಗೆ ಮುನ್ನ ಬೀಜವನ್ನು ಪರೀಕ್ಷಿಸುವುದೂ ಹೀಗೆಯೇ. ಮೊದಲು ಹೊರಬರುವುದು ಎಲೆಯಲ್ಲ, ಬೇರು ಎಂಬುದನ್ನು ಮಗು ಇಲ್ಲಿಯೇ ಕಣ್ಣಾರೆ ಕಾಣುತ್ತದೆ.

ಬಿತ್ತಲು ಒಂದು ಅಡಿ ಅಗಲದ, ಐದಾರು ಅಂಗುಲ ಆಳದ ಮಣ್ಣಿನ ಕುಂಡವಾಗಲಿ ಹಳೆಯ ಡಬ್ಬಿಯಾಗಲಿ ಸಾಕು. ತಳದಲ್ಲಿ ನೀರು ಬಸಿಯಲು ನಾಲ್ಕಾರು ತೂತುಗಳಿರಬೇಕು. ಈ ತೂತು ಕೊರೆಯುವ ಕೆಲಸವೊಂದನ್ನು ಮಾತ್ರ ಹಿರಿಯರು ಮಾಡಲಿ. ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮಣ್ಣು ಜಿಗುಟಾಗಿದ್ದರೆ ಸ್ವಲ್ಪ ಮರಳು ಸೇರಿಸಬೇಕು. ರಾತ್ರಿ ನೆನೆಸಿದ ಎರಡು ಚಿಕ್ಕ ಚಮಚ ಕಾಳನ್ನು ಮರುದಿನ ಮಣ್ಣಿನ ಮೇಲೆ ಹರಡಿ, ಬೆರಳಿನ ಉಗುರಿನಷ್ಟು ದಪ್ಪ ಪುಡಿಮಣ್ಣು ಮುಚ್ಚಿ, ಕೈಯಿಂದ ನೀರು ಚಿಮುಕಿಸಿದರೆ ಬಿತ್ತನೆ ಮುಗಿಯಿತು. ಕೊತ್ತಂಬರಿಯನ್ನೂ ಹೀಗೆ ಬೆಳೆಯಬಹುದು. ಆದರೆ ಅದರ ಒಂದೊಂದು ಕಾಳಿನೊಳಗೂ ಎರಡು ಬೀಜಗಳಿರುವುದರಿಂದ ಮೆಲ್ಲನೆ ಉಜ್ಜಿ ಇಬ್ಭಾಗ ಮಾಡಿ ಬಿತ್ತಬೇಕು. ಮೊಳೆಯಲು ಹತ್ತು ದಿನಗಳಾದರೂ ಬೇಕು. ಚಿಕ್ಕ ಮಕ್ಕಳಿಗೆ ಅಷ್ಟು ತಾಳ್ಮೆಯಿರದು, ಮೆಂತ್ಯವೇ ಸರಿ.

ಬಿತ್ತಲು ಮುಹೂರ್ತ ನೋಡಬೇಡಿ. ಕುಂಡಕ್ಕೆ ಅರಿಷಿಣ-ಕುಂಕುಮ ಹಚ್ಚಿ ಅದನ್ನೊಂದು ಪೂಜಾವಸ್ತುವಾಗಿಸುವುದೂ ಬೇಡ. ಹಾಗೆ ಮಾಡಿದರೆ ಕುಂಡವನ್ನು ಮುಟ್ಟಲು ಮಗು ಹಿಂಜರಿದೀತು. ಬೆಳಗ್ಗೆ ಇಷ್ಟಲಿಂಗ ಪೂಜೆ ಮುಗಿದೊಡನೆ ಕುಂಡಕ್ಕೆ ನೀರು ಹಾಕುವ ರೂಢಿಯಾದರೆ ಸಾಕು. ಇದು ಹೆಣ್ಣುಮಕ್ಕಳ ಕೆಲಸವೆಂದು ಗಂಡುಮಕ್ಕಳನ್ನು ಬಿಟ್ಟುಬಿಡುವ ಮನೆಗಳೂ ಉಂಟು. ಶರಣರ ಹೆಸರು ಹೇಳುವ ಮನೆಗೆ ಅದು ಒಪ್ಪುವ ಮಾತಲ್ಲ.

ಬೇಸಿಗೆಯಲ್ಲಿ ನೀರಿನ ವಿಚಾರ ಬಾರದಿರುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಮನೆಗಳು ಕೊಡ ನೀರಿಗೆ ಪಟ್ಟ ಪಾಡನ್ನು ಬಲ್ಲವರು ಕುಂಡಕ್ಕೆ ನಲ್ಲಿಯ ನೀರನ್ನು ಸುರಿಯಲು ಹಿಂದೆಮುಂದೆ ನೋಡುವುದು ಸಹಜವೇ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಇದಕ್ಕೆ ಸಾಕು. ಉಪ್ಪು ಸೇರಿದ ನೀರಾಗಲಿ ಸಾಬೂನಿನ ನೀರಾಗಲಿ ಕೂಡದು. ಮೇಲ್ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, ಒಣಗಿದ್ದರೆ ಮಾತ್ರ ನೀರು. ಅಕ್ಕರೆಯಿಂದ ದಿನಕ್ಕೆ ನಾಲ್ಕು ಸಲ ನೀರೆರೆದರೆ ಬುಡ ಕೊಳೆತು, ಬೂಷ್ಟು ಹಿಡಿದು, ಸಸಿಗಳು ಒಂದೇ ರಾತ್ರಿಯಲ್ಲಿ ಮಲಗಿಬಿಡುತ್ತವೆ.

ಸಸಿ ಎರಡು ಅಂಗುಲ ಎದ್ದಾಗ ಬೆಳಕಿನ ಕಡೆಗೆ ಬಾಗುವುದನ್ನು ಮಗುವೇ ಗಮನಿಸುತ್ತದೆ. ಆಗ ದಿನಕ್ಕೊಮ್ಮೆ ಕುಂಡವನ್ನು ತಿರುಗಿಸಿಡಬೇಕು. ಒಂದು ತೆಂಗಿನ ಚಿಪ್ಪಿನಲ್ಲಿ ಹತ್ತು ಕಾಳು ಬಿತ್ತಿ ಕತ್ತಲೆಯ ಕಪಾಟಿನಲ್ಲಿ ಇರಿಸಿದರೆ ಇನ್ನೊಂದು ಸೋಜಿಗ ಕಾಣುತ್ತದೆ: ಅಲ್ಲಿಯ ಸಸಿಗಳು ಕಿಟಕಿಯವುಗಳಿಗಿಂತ ಎತ್ತರವಾಗಿ, ಆದರೆ ಹಳದಿಯಾಗಿ, ಸೋತು ನಿಂತಿರುತ್ತವೆ. ಹಸಿರು ಬರಲು ಬೆಳಕು ಬೇಕೆಂಬುದನ್ನು ಆಮೇಲೆ ಪುಸ್ತಕದಲ್ಲಿ ಓದಿದಾಗ ಅದು ಕಂಠಪಾಠದ ವಿಷಯವಾಗಿ ಉಳಿಯುವುದಿಲ್ಲ.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಮಗು ನೀರು ಹಾಕಲು ಮರೆತ ದಿನ ಒಮ್ಮೆ ನೆನಪಿಸಿರಿ. ಅದರ ಬದಲು ನೀವೇ ಹಾಕಬೇಡಿರಿ. ಸಸಿ ಒಣಗಿದರೆ ಒಣಗಲಿ. ಮಗು ಮಲಗಿದ ಮೇಲೆ ಹೊಸ ಕಾಳು ಊರಿ, ಏನೂ ಆಗಿಲ್ಲವೆಂಬಂತೆ ತೋರಿಸುವುದು ಪ್ರೀತಿಯಂತೆ ಕಂಡರೂ ಸುಳ್ಳೇ ಸರಿ. ಒಣಗಿದ ಕುಂಡದ ಮುಂದೆ ಮಗು ಅತ್ತರೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಮತ್ತೊಮ್ಮೆ ಬಿತ್ತಲು ರಜೆಯಲ್ಲಿ ಇನ್ನೂ ದಿನಗಳಿರುತ್ತವೆ.

ಕೊಯ್ಲಿಗೆ ಬಂದ ಸೊಪ್ಪು ಹೆಚ್ಚೆಂದರೆ ಎರಡು ಹಿಡಿ. ಇಷ್ಟರಿಂದ ಹತ್ತು ಜನರಿಗೆ ಪಲ್ಯವಾಗದೆಂದು ಸಂತೆಯಿಂದ ನಾಲ್ಕು ಕಟ್ಟು ತಂದು ಬೆರೆಸಿ, ಎಲ್ಲವೂ ಮಗುವೇ ಬೆಳೆದುದೆಂದು ಬಂಧುಗಳೆದುರು ಹೊಗಳುವ ಮೋಹ ಹಿರಿಯರಿಗೆ ಉಂಟಾಗುತ್ತದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆಯನ್ನು ಮಗುವಿಗೆ ತಿಳಿಸಲು ಇದಕ್ಕಿಂತ ತಕ್ಕ ಸಮಯ ಸಿಗಲಾರದು. ಎರಡು ಹಿಡಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ರೊಟ್ಟಿಯ ಹಿಟ್ಟಿನಲ್ಲಿ ಕಲಸಿದರೆ ಮನೆಮಂದಿಗೆಲ್ಲ ಒಂದೊಂದು ರೊಟ್ಟಿಯಾಗುತ್ತದೆ. ಮೊದಲ ರೊಟ್ಟಿ ಅಂದು ಮನೆಗೆ ಬಂದ ಅತಿಥಿಗೋ, ನೆರೆಮನೆಯ ವೃದ್ಧರಿಗೋ ಸಲ್ಲಲಿ. ಅದನ್ನು ಮಗುವೇ ತನ್ನ ಕೈಯಾರೆ ನೀಡಲಿ.

ಕೊಯ್ಯುವಾಗ ನಾಲ್ಕೈದು ಗಿಡಗಳನ್ನು ಹಾಗೆಯೇ ಬಿಟ್ಟಿರಿ. ಮುಂದೆ ಅವು ತೆಳು ಹಳದಿ ಬಣ್ಣದ ಪುಟ್ಟ ಹೂ ಬಿಡುತ್ತವೆ. ಕಿಟಕಿಯ ಬಿಸಿಲು ಸಾಕಷ್ಟಿದ್ದರೆ ಸೂಜಿಯಂತಹ ಸಣ್ಣ ಕಾಯಿಗಳೂ ಕಟ್ಟುತ್ತವೆ. ಅವು ಬಲಿತು ಕಾಳಾಗಲು ಬಿತ್ತಿದಂದಿನಿಂದ ಮೂರು ತಿಂಗಳಾದರೂ ಬೇಕು. ಅಷ್ಟರಲ್ಲಿ ಶಾಲೆಗಳು ಮತ್ತೆ ತೆರೆದಿರುತ್ತವೆ.