ಇಳಿಜಾರಿನ ಓಟಕ್ಕೂ ಒಂದು ರ‍್ಯಾಂಕ್ ಪಟ್ಟಿ ಬೇಕು

ನಾಲ್ಕು ಚಕ್ರದ ಹಲಗೆಯ ಮೇಲೆ ನಿಂತು ಘಾಟಿ ರಸ್ತೆ ಇಳಿಯುವ ಪಂದ್ಯವೇ ಡೌನ್‌ಹಿಲ್ ಸ್ಕೇಟ್‌ಬೋರ್ಡಿಂಗ್. ವೇಗ ಗಂಟೆಗೆ 100 ಕಿ.ಮೀ. ದಾಟುವುದೂ ಉಂಟು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಸ್ಕೇಟ್‌ಬೋರ್ಡಿಂಗ್ ಬಂತು. ಆದರೆ ಸ್ಟ್ರೀಟ್, ಪಾರ್ಕ್ ಎಂಬ ಎರಡು ವಿಭಾಗ ಮಾತ್ರ. ಅಂತರರಾಷ್ಟ್ರೀಯ ಡೌನ್‌ಹಿಲ್ ಫೆಡರೇಷನ್ 2010ರ ದಶಕದಲ್ಲಿ ಪಂದ್ಯಗಳ ಅಂಕ ಕೂಡಿಸಿ ಜಾಗತಿಕ ಪಟ್ಟಿ ಮಾಡಿತ್ತು. ನಮ್ಮ ದೇಶಕ್ಕೂ ಅಂಥದೊಂದು ಬೇಕೆಂಬುದು ನಮ್ಮ ಅಭಿಪ್ರಾಯ.

ಆಟವೇ ಹೊಸದು, ಪಟ್ಟಿ ಯಾಕೆ ಎನ್ನಬಹುದು. ನಮ್ಮ ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗುವ ದಿಂಬಂ ಘಾಟಿಯಲ್ಲಿ 27 ತಿರುವುಗಳಿವೆ. ಲಾರಿ, ಬಸ್ಸು ಓಡಾಡುವ ಇಂಥ ರಸ್ತೆಯಲ್ಲಿ ಹುಡುಗರು ಹಲಗೆ ಹತ್ತಿದರೆ ಗತಿಯೇನು? ವಾಹನ ತಡೆದ ರಸ್ತೆ, ಮುಖ ಮುಚ್ಚುವ ಹೆಲ್ಮೆಟ್, ಆಂಬುಲೆನ್ಸ್ ಇದ್ದ ಪಂದ್ಯಕ್ಕೆ ಮಾತ್ರ ಅಂಕ ಎಂದು ನಿಯಮ ಮಾಡಿದರೆ ಕದ್ದು ಇಳಿಯುವ ಚಪಲ ಕಡಿಮೆಯಾದೀತು.

ಇನ್ನೊಂದು ಮಾತು. ವರ್ಷದ ಎಲ್ಲ ಪಂದ್ಯಗಳ ಅಂಕ ಕೂಡಿಸಬಾರದು. ಒಬ್ಬೊಬ್ಬರ ಅತ್ಯುತ್ತಮ ಮೂರನ್ನಷ್ಟೇ ಎಣಿಸಬೇಕು. ಇಲ್ಲದಿದ್ದರೆ ರೈಲು ಖರ್ಚಿಗೆ ದುಡ್ಡಿದ್ದವರೇ ಮೊದಲ ರ‍್ಯಾಂಕು. ಹಾಜರಿ ನೋಡಿ ಮಾರ್ಕು ಕೊಟ್ಟರೆ ಕೂಲಿಕಾರರ ಮಕ್ಕಳು ಎಲ್ಲಿ ಉಳಿಯುತ್ತಾರೆಂಬುದು ಮೇಷ್ಟರುಗಳಾದ ನಮಗೆ ಗೊತ್ತು. ಹೆಣ್ಣುಮಕ್ಕಳಿಗೆ, ಕಿರಿಯರಿಗೆ ಬೇರೆ ಪಟ್ಟಿ ಇರಲಿ. ನಿಯಮ ಪಂದ್ಯಕ್ಕೆ ಮುಂಚೆಯೇ ಎಲ್ಲರಿಗೂ ತಿಳಿದಿರಲಿ.