ಮಾಳಿಗೆಯ ಟಿ.ವಿ.ಗೆ ಮದುವೆ ಮನೆಯ ಬಾಕ್ಸ್ ಯಾಕೆ?

ಏಪ್ರಿಲ್ ಬಂತೆಂದರೆ ಹೊಸಪೇಟೆಯಲ್ಲಿ ರಾತ್ರಿ ಹೊತ್ತು ಮನೆಯೊಳಗೆ ಯಾರೂ ಇರುವುದಿಲ್ಲ. ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ಕೆಳಗಿನ ಕೋಣೆಗಳಿಗೆ ಬಿಸಿಯನ್ನು ಇಳಿಸುತ್ತಲೇ ಇರುತ್ತದೆ. ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಚೆಲ್ಲಿ, ಚಾಪೆ ಹಾಸಿ, ಮಂಡಕ್ಕಿ ಮಿರ್ಚಿ ಹಿಡಿದು ಎಲ್ಲರೂ ಮೇಲೆ ಹೋಗುತ್ತಾರೆ. ಈಚಿನ ವರ್ಷಗಳಲ್ಲಿ ಟಿ.ವಿ.ಯೂ ಅವರ ಹಿಂದೆ ಮೆಟ್ಟಿಲು ಹತ್ತಿದೆ. ಇದಕ್ಕೆ ನನ್ನ ತಕರಾರಿಲ್ಲ. ಬಯಲಲ್ಲಿ ಕೂತು ನೋಡುವುದು ಈ ಸೀಮೆಯವರಿಗೆ ಹೊಸದೂ ಅಲ್ಲ. ತಕರಾರಿರುವುದು ಟಿ.ವಿ.ಯ ಹಿಂದೆ ಬರುವ, ಎರಡಾಳು ಹಿಡಿದು ಎತ್ತಬೇಕಾದ ಆ ಕರಿಯ ಬಾಕ್ಸಿನ ಬಗ್ಗೆ.

ಅದು ಯಾಕೆ ಬರುತ್ತದೆ ಎಂಬುದು ಅರ್ಥವಾಗುವಂಥದ್ದೇ. ಇಂದಿನ ಟಿ.ವಿ.ಗಳು ತೆಳ್ಳಗಾಗಿವೆ, ಅವುಗಳ ಸ್ಪೀಕರಿಗೆ ಮುಂದುಗಡೆ ಜಾಗವೇ ಇಲ್ಲ. ಸದ್ದು ಕೆಳಕ್ಕೋ ಹಿಂದಕ್ಕೋ ಹೊರಡುತ್ತದೆ. ಕೋಣೆಯಲ್ಲಾದರೆ ಹಿಂದಿನ ಗೋಡೆ ಅದನ್ನು ನಮ್ಮ ಕಡೆಗೆ ತಿರುಗಿಸಿ ಕೊಡುತ್ತದೆ. ಮಾಳಿಗೆಯಲ್ಲಿ ಆ ಗೋಡೆಯಿಲ್ಲ, ಸದ್ದು ಆಕಾಶಕ್ಕೆ ಹೋಗುತ್ತದೆ. ಚಿತ್ರ ಕಾಣುತ್ತದೆ, ಮಾತು ಕೇಳುವುದಿಲ್ಲ. ಆಗ ಯಾರೋ ಒಬ್ಬರು ಹೇಳುತ್ತಾರೆ: "ಬಯಲಾಗ ಕೇಳಬೇಕಂದ್ರ ಬಾಕ್ಸ್ ದೊಡ್ಡದಿರಬೇಕ್ರೀ." ಈ ಒಂದು ಮಾತೇ ಇಷ್ಟೆಲ್ಲ ಹಾಳಿಗೆ ಮೂಲ. ಇದು ಸುಳ್ಳು.

ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಒಂದು ಮಾಳಿಗೆಯಲ್ಲಿ ಮ್ಯಾಚ್ ನೋಡಲು ಕರೆದಿದ್ದರು. ಬಾಕ್ಸ್ ಟಿ.ವಿ.ಯ ಪಕ್ಕದಲ್ಲಿ, ಜನ ಎಂಟು ಮೀಟರ್ ಆಚೆ ಚಾಪೆಯ ಮೇಲೆ. ಎದೆ ನಡುಗುವಷ್ಟು ಸದ್ದು. ಆ ಸದ್ದಿನ ನಡುವೆ ಮನೆಯ ಅಜ್ಜಿ ಮೊಮ್ಮಗನನ್ನು ಕೇಳುತ್ತಿದ್ದರು: "ಏನಂದ್ನಪ್ಪಾ ಅವ?" ಮೊಮ್ಮಗನಿಗೂ ಗೊತ್ತಿರಲಿಲ್ಲ. ಎರಡು ಓಣಿ ಆಚೆಯವರಿಗೆ ಕೇಳುವಷ್ಟು ಜೋರು, ಎದುರಿಗೆ ಕೂತವರಿಗೆ ಅರ್ಥವಾಗದಷ್ಟು ಮಸುಕು.

ಮಾತು ಅರ್ಥವಾಗುವುದು ವ್ಯಂಜನಗಳಿಂದ. ಕಾಲು, ಪಾಲು, ಸಾಲು, ಹಾಲು, ಬಾಲು: ಇವುಗಳ ನಡುವಿನ ವ್ಯತ್ಯಾಸವೆಲ್ಲ ಮೊದಲಕ್ಷರದ ಆ ಚಿಕ್ಕ ಉಸಿರಿನಲ್ಲಿ, ತುಟಿಯ ಆ ಒಂದು ಬಡಿತದಲ್ಲಿ ಇದೆ. ಆ ಉಸಿರು ಮೆಲ್ಲಗಿನದು, ಸುಮಾರು 2000 ಹರ್ಟ್ಸ್‌ನಿಂದ ಮೇಲಿನ ತೆಳು ಸದ್ದು. ಸ್ವರಗಳಿಗೆ ಮತ್ತು ನಗಾರಿಗೆ ಬಲ ಬರುವುದು ಕೆಳಗಿನ ಕಂಪನಗಳಿಂದ. ಮದುವೆ ಮೆರವಣಿಗೆಯ ಬಾಕ್ಸ್ ತಯಾರಾಗಿರುವುದೇ ಆ ಕೆಳಗಿನದನ್ನು ಗುದ್ದಿ ಹೊರಗೆಡಹಲು. ಅದರ ಗುಡುಗಿನಲ್ಲಿ ತೆಳು ಸದ್ದು ಮುಳುಗುತ್ತದೆ, ಐದೂ ಪದಗಳು "ಆಲು" ಆಗಿ ಹೊರಬರುತ್ತವೆ. ಧ್ವನಿ ಹೆಚ್ಚಿಸಿದರೆ "ಆಲು" ಇನ್ನೂ ಜೋರಾಗುತ್ತದೆ, ಅಷ್ಟೇ. ಬಾಕ್ಸ್ ಮಾರುವವರು ವ್ಯಾಟ್ ಲೆಕ್ಕ ಹೇಳುತ್ತಾರೆ, ಒಂದು ಕಾಲದಲ್ಲಂತೂ ಅಂಗೈಯಗಲದ ಡಬ್ಬಿಯ ಮೇಲೂ ಸಾವಿರಗಟ್ಟಲೆ ಪಿಎಂಪಿಒ ವ್ಯಾಟ್ ಎಂದು ಬರೆದಿರುತ್ತಿದ್ದರು. ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ದುಡ್ಡು ಕೊಟ್ಟವರಿಗೆ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ದೂರದ ಲೆಕ್ಕ ಮಾತ್ರ ಪುಕ್ಕಟೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಎಂಟು ಮೀಟರ್ ದೂರದ ಚಾಪೆಗೆ 65 ಡೆಸಿಬಲ್ ಮುಟ್ಟಬೇಕೆಂದರೆ ಬಾಕ್ಸಿನಿಂದ ಒಂದು ಮೀಟರಿನಲ್ಲಿ 83 ಇರಬೇಕು. ಅದೇ ಸ್ಪೀಕರನ್ನು ಚಾಪೆಯ ಹತ್ತಿರ, ಎರಡು ಮೀಟರಿಗೆ ತನ್ನಿ: 71 ಸಾಕು. ಹದಿನಾರನೇ ಒಂದು ಪಾಲು ಶಕ್ತಿ. ಈಗ ಸ್ಪೀಕರಿನಿಂದ ಹದಿನಾರು ಮೀಟರ್ ದೂರದಲ್ಲಿರುವ ಪಕ್ಕದ ಮನೆಯ ಕಿಟಕಿಗೆ ಹೋಗೋಣ. ಮೊದಲಿನ ಏರ್ಪಾಡಿನಲ್ಲಿ ಅಲ್ಲಿಗೆ ಮುಟ್ಟುವುದು 59, ಎರಡನೆಯದರಲ್ಲಿ 47. ಚಾಪೆಯ ಮೇಲಿನ ಅಜ್ಜಿಗೆ ಎರಡರಲ್ಲೂ ಅಷ್ಟೇ ಜೋರು. ಆ ಕಿಟಕಿಯ ಹಿಂದೆ ಪುಸ್ತಕ ಹಿಡಿದು ಕೂತ ಹುಡುಗಿಗೆ ಮಾತ್ರ ಈ ಎರಡು ಅಂಕಿಗಳ ನಡುವೆ ಒಂದು ಪರೀಕ್ಷೆಯ ಅಂತರವಿದೆ.

ಹೀಗೆ ಹತ್ತಿರ ಕೂತು ಕೇಳುವುದು ನಮಗೆ ಮೊದಲು ಗೊತ್ತಿತ್ತು. ಕಂಪ್ಲಿಯಲ್ಲಿ ನಿಂತು ಹೊಳೆಯಾಚೆ ನೋಡಿದರೆ ಕಾಣುವ ಗಂಗಾವತಿ ಸೀಮೆ ಆಗ ರಾಯಚೂರು ಜಿಲ್ಲೆಯಲ್ಲಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಟಿ.ವಿ. ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಿಂದ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಊರಿಗೊಂದು ಪೆಟ್ಟಿಗೆ, ಸಂಜೆ ಅದರೆದುರು ಊರಿನ ಜನ. ಕೇಳದಿದ್ದವರು ಮುಂದೆ ಸರಿದು ಕೂತರು. ಬಯಲಾಟದ್ದೂ ಇದೇ ರೀತಿ. ಸಂಡೂರು, ಕೂಡ್ಲಿಗಿ ಕಡೆಯ ಬಯಲಾಟದಲ್ಲಿ ಪಾತ್ರಧಾರಿ ಏರುದನಿಯಲ್ಲಿ ಮಾತನ್ನು ಎಳೆದು, ಬಿಡಿಸಿ ಹೇಳುತ್ತಾನೆ; ಸಾರಥಿ ಕೇಳಿ ಕೇಳಿ ಅವನಿಂದ ಮಾತು ಹೊರಡಿಸುತ್ತಾನೆ. ಬಯಲಿನಲ್ಲಿ ಏನು ಕಳೆದುಹೋಗುತ್ತದೆ ಎಂಬುದನ್ನು ಬಲ್ಲವರು ಕಟ್ಟಿದ ಕಲೆ ಅದು. ಈಗ ಅಲ್ಲೂ ಕಂಬಕ್ಕೆರಡು ಹಾರ್ನ್ ಕಟ್ಟಿ ಆ ಏರುದನಿಯನ್ನು ಕರ್ಕಶ ಮಾಡಿದ್ದೇವೆ ಅನ್ನುವುದು ಬೇರೆ ಜಗಳ, ಇನ್ನೊಮ್ಮೆ ಆಡೋಣ.

ಹಂಪಿಯ ಕಡೆ ಮನೆ ಕಟ್ಟಿಕೊಂಡವರಿಗೆ ಇನ್ನೊಂದು ತೊಡಕಿದೆ. ಬಂಡೆ ಸದ್ದನ್ನು ನುಂಗುವುದಿಲ್ಲ, ವಾಪಸ್ ಎಸೆಯುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹದಿನೇಳು ಮೀಟರ್ ಆಚೆಯ ಗುಂಡಿಗೆ ಬಡಿದ ಮಾತು 0.1 ಸೆಕೆಂಡ್ ತಡವಾಗಿ ತಿರುಗಿ ಬಂದು, ಆಗತಾನೇ ಹೊರಟ ಮಾತಿನ ಮೇಲೆ ಬೀಳುತ್ತದೆ. ಒಂದು ಬಾಕ್ಸ್ ಸಾಲದೆಂದು ಮಾಳಿಗೆಯ ಆ ತುದಿಗೊಂದು ಈ ತುದಿಗೊಂದು ಇಟ್ಟರೂ ಗೊಂದಲವೇ. ದೊಡ್ಡ ಮೈದಾನಗಳಲ್ಲಿ ಕಾರ್ಯಕ್ರಮ ನಡೆಸುವ ನುರಿತವರು ಹಿಂದಿನ ಸಾಲಿನವರಿಗಾಗಿ ಮುಂದಿನ ಬಾಕ್ಸನ್ನು ಕಿರುಚಿಸುವುದಿಲ್ಲ. ನಡುವೆ ಕಂಬ ನೆಟ್ಟು, ಅಲ್ಲಿಯ ಸ್ಪೀಕರಿಗೆ ಲೆಕ್ಕ ಹಾಕಿ ಸದ್ದನ್ನು ತಡಮಾಡಿ ಕಳಿಸುತ್ತಾರೆ. ಕಸಬು ಬಲ್ಲವರೂ ಮಾಡುವುದು ಸ್ಪೀಕರನ್ನು ಹತ್ತಿರ ತರುವ ಕೆಲಸವನ್ನೇ.

ಹಾಗಾದರೆ ಮಾಳಿಗೆಯಲ್ಲಿ ಮಾಡಬೇಕಾದದ್ದೇನು? ಟಿ.ವಿ.ಯನ್ನು ಮೆಟ್ಟಿಲ ಕೋಣೆಯ ಗೋಡೆಗೆ ಒರಗಿಸಿ. ಕಳೆದುಹೋಗಿದ್ದ ಗೋಡೆ ಸಿಕ್ಕಿತು. ಚಿಕ್ಕ ಸ್ಪೀಕರ್ ಎರಡನ್ನು ಚಾಪೆಯ ಎರಡು ಬದಿಗೆ, ಕೂತವರ ಕಿವಿಯೆತ್ತರಕ್ಕೆ, ಮುಖ ಒಳಕ್ಕೆ ಮಾಡಿ ಇಡಿ. ಓಣಿಯ ಕಡೆ ಬೆನ್ನಿರಲಿ. ವೈರಿನಲ್ಲೇ ಜೋಡಿಸಿ. ಸಾಧಾರಣ ಬ್ಲೂಟೂತ್‌ನಲ್ಲಿ ಸದ್ದು ಹಿಂದೆ ಬಿದ್ದು, ಬ್ಯಾಟು ಚೆಂಡಿಗೆ ತಾಗಿದ ಮೇಲೆ ಟಕ್ಕೆನ್ನುತ್ತದೆ. ಬಾಸ್ ಇಳಿಸಿ. ಸಂಡೂರಿನವರಿಗೆ ಮಾತ್ರ ಒಂದು ಹೆಚ್ಚಿನ ಮಾತು: ಅದಿರಿನ ಕೆಂಧೂಳು ಎಲೆಯನ್ನೂ ಬಿಡುವುದಿಲ್ಲ, ಸ್ಪೀಕರಿನ ಪರದೆಯನ್ನು ಬಿಟ್ಟೀತೇ? ಐಪಿ 55 ಎಂದು ಬರೆದಿದ್ದರೆ ಅದರಲ್ಲಿ ಮೊದಲ 5 ಧೂಳಿಗೆ, ಎರಡನೆಯದು ನೀರಿಗೆ. ಕೊಳ್ಳುವಾಗ ಮೊದಲನೆಯದನ್ನು ನೋಡಿ.

ಇಷ್ಟು ಹೇಳಿದರೆ ಬರುವ ಉತ್ತರ ನನಗೆ ಗೊತ್ತಿದೆ. "ನಮ್ಮ ಮಾಳಿಗೆ, ನಮ್ಮ ಕರೆಂಟು, ನಿಮಗೇನು?" ಮಾಳಿಗೆ ನಿಮ್ಮದು, ಗಾಳಿ ಓಣಿಯದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಯ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಖಾಸಗಿ ಜಾಗದ ಬಾಕ್ಸಿನ ಸದ್ದು ಆ ಜಾಗದ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನೇ ಹಚ್ಚುವಂತಿಲ್ಲ. ಸಂಜೆಯ ಐಪಿಎಲ್ ಪಂದ್ಯ 7:30ಕ್ಕೆ ಶುರುವಾಗುತ್ತದೆ. ಅಂದರೆ ಕೊನೆಯ ಓವರುಗಳು, ಬಾಕ್ಸನ್ನು ಇನ್ನಷ್ಟು ತಿರುವುವ ಹೊತ್ತು, ಬರುವುದೇ ಹತ್ತರ ನಂತರ. ನಮ್ಮ ಊರಿನಲ್ಲಿ ಈ ನಿಯಮ ಯಾರಿಗೂ ಗೊತ್ತಿಲ್ಲವೆಂದಲ್ಲ. ಗಣಪತಿ ಹಬ್ಬ ಬಂದಾಗ ಎಲ್ಲರಿಗೂ ನೆನಪಾಗುತ್ತದೆ, ಪಕ್ಕದ ಓಣಿಯ ಗಣಪತಿಯ ವಿಷಯದಲ್ಲಿ.

ಇನ್ನೊಂದು ಆಪಾದನೆ ಹೆಚ್ಚು ಚುಚ್ಚುವಂಥದ್ದು: ಓದಿದವರಿಗೆ ಜನರ ಸಂಭ್ರಮ ಕಂಡರಾಗದು ಎಂಬುದು. ಇದಕ್ಕೆ ನಾನು ತಲೆಬಾಗಿಸಲಾರೆ. ಸಿಕ್ಸರ್ ಹೋದಾಗ ಇಪ್ಪತ್ತು ಜನ ಒಟ್ಟಿಗೆ ಕೂಗಿದರೆ ನನಗೆ ಎಚ್ಚರವಾಗುತ್ತದೆ, ಬೇಸರವಾಗುವುದಿಲ್ಲ. ಯಾರು ಹೊಡೆದರೆಂದು ಮಲಗಿದಲ್ಲಿಂದಲೇ ಕೂಗಿ ಕೇಳಿದ್ದೂ ಉಂಟು. ಆ ಕೂಗು ಜನರದು, ಒಂದು ಗಳಿಗೆಯಲ್ಲಿ ಮುಗಿಯುತ್ತದೆ. ಬಾಕ್ಸಿನಿಂದ ಬರುವುದು ಜಾಹೀರಾತು. ಎದೆ ನಡುಗಿಸಿ ನನಗೆ ಗುಟ್ಕಾ ಬ್ರ್ಯಾಂಡಿನ ಏಲಕ್ಕಿ ಮಾರುವುದರಲ್ಲಿ ಯಾವ ಜನರ ಸಂಭ್ರಮವಿದೆ? ಅಸಲಿಗೆ ಆ ಬಾಕ್ಸಿನ ಮುಂದೆ ಕೂತವರು ಒಬ್ಬರ ಜೊತೆ ಒಬ್ಬರು ಮಾತಾಡುವಂತೆಯೇ ಇಲ್ಲ. ಔಟೋ ಅಲ್ಲವೋ ಎಂಬ ಜಗಳವಿಲ್ಲದೆ ಮಾಳಿಗೆಗೆ ಹತ್ತಿ ಕ್ರಿಕೆಟ್ ನೋಡುವುದು ಯಾತಕ್ಕೆ?

ಈ ಸಲ ಆ ಮಾಳಿಗೆಯವರನ್ನು ನಾನೇ ಕಾಡಿಬೇಡಿ ಒಪ್ಪಿಸಿದೆ. ಬಾಕ್ಸ್ ಕೆಳಗೇ ಉಳಿಯಿತು. ಮೊಮ್ಮಗನ ಕಂಪ್ಯೂಟರಿನ ಎರಡು ಪುಟ್ಟ ಸ್ಪೀಕರುಗಳು ಮೇಲೆ ಬಂದವು, ಒಂದನ್ನು ಅಜ್ಜಿಯ ಪಕ್ಕದ ಕೊಡದ ಮೇಲೆ ಇಟ್ಟೆವು. ಹತ್ತಾದಾಗ ಅವನ್ನೂ ಆರಿಸಿ, ಚಾಪೆಯನ್ನೇ ಟಿ.ವಿ.ಯ ಕಾಲಬುಡಕ್ಕೆ ಎಳೆದುಕೊಂಡೆವು. ಹದಿನೆಂಟನೇ ಓವರಿನಲ್ಲಿ ಅಜ್ಜಿ, ಕಾಮೆಂಟರಿ ಹೇಳುವವ ಇದೇ ಮಾತನ್ನು ಮೂರನೇ ಸಲ ಹೇಳುತ್ತಿದ್ದಾನೆಂದು ಅವನನ್ನು ಬೈದರು.