ಬಾಯಿ ಕಾಣ್ತೈತಿ, ದನಿ ಎಲ್ಲಿ?

ನಮ್ಮ ಕಡೆ ಒಂದ್ ಮಾತೈತಿ: ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಅಂತ. ಕಿವಿ ಇದ್ದವರು ಏನ್ ಮಾಡಬೇಕು ಅಂತ ಯಾರೂ ಹೇಳಿಲ್ಲ. ಅದಕ್ಕ ಇರಬೇಕು, ಹುಲಿಹೈದರದಾಗ ಯಾರ ಮನಿ ಮದುವಿ ವಿಡಿಯೋ ಹಚ್ಚಿದ್ರೂ ಕಣ್ಣಿಗೆ ಹಬ್ಬ, ಕಿವಿಗೆ ಉಪವಾಸ.

ಡ್ರೋನ್ ಹಾರಿಸ್ತಾರ. ಸೀರಿ ಜರಿ ಎಳಿ ಎಣಿಸಬಹುದು, ಅಷ್ಟ್ ಚಂದ ಬರ್ತೈತಿ ಚಿತ್ರ. ಆದ್ರ ಸುರಗಿ ಸುತ್ತುವಾಗ ನಮ್ಮವ್ವಗಳು ಹಾಡಿದ ಪದ ಎಲ್ಲಿ ಹೋತು? ಅದರ ಮ್ಯಾಲ ಸಿನಿಮಾ ಹಾಡು ಕುಂತಿರ್ತೈತಿ. ನಮ್ಮ ಬಳಗದ ಒಂದ್ ವಿಡಿಯೋದಾಗ ಆರತಿ ಪದ ಹಾಡೋ ಐದು ಮಂದಿ ಬಾಯಿ ಅಲ್ಲಾಡತಾವ, ದನಿ ಇಲ್ಲ. ಆ ಐವರೊಳಗ ಇಬ್ಬರು ಈಗ ಇಲ್ಲ. ಅವರ ಮಾರಿ ಫೋಟೋದಾಗೂ ಐತಿ. ದನಿ ಎಲ್ಲಿಂದ ತರೋಣ?

ಅದಕ್ಕ ನಾ ಹೇಳೂದು ಇಷ್ಟ ರೀ ಅಕ್ಕಾರ: ಕ್ಯಾಮೆರಾಕ್ಕ ಸುರಿಯೂ ರೊಕ್ಕದಾಗ ಒಂದಿಷ್ಟು ಮೈಕಿಗೆ ಹಾಕ್ರಿ. ಹಾಕೂ ಮುಂದ ಅದಕ್ಕ ಕರೆಂಟ್ ಎಲ್ಲಿಂದ ಬರ್ತೈತಿ ಅಂತ ಕೇಳ್ರಿ.

ವಿಡಿಯೋದವರನ್ನ ಬೈದು ಉಪಯೋಗಿಲ್ಲ. ಕ್ಯಾಮೆರಾದ ಸ್ವಂತ ಮೈಕು ಕ್ಯಾಮೆರಾದಾಗ ಇರ್ತೈತಿ, ಹಾಡೋರು ಹತ್ತು ಹನ್ನೆರಡು ಅಡಿ ದೂರ ಇರ್ತಾರ. ಮೈಕಿನ ದೂರ ಎರಡು ಪಟ್ಟಾದ್ರ ದನಿ ಸುಮಾರು 6 ಡೆಸಿಬೆಲ್ ಇಳೀತೈತಿ. ಫ್ಯಾನಿನ ಸದ್ದು, ಹುಡುಗರ ಗದ್ದಲ ಮಾತ್ರ ಇಳಿಯಂಗಿಲ್ಲ. ಹಂಗಾಗಿ ಎಷ್ಟ್ ದೊಡ್ಡ ಕ್ಯಾಮೆರಾ ತಂದ್ರೂ ಮೈಕು ಬಾಯಿ ಹತ್ರ ಹೋಗದ ಕೆಲಸ ಆಗಂಗಿಲ್ಲ. ಕ್ಯಾಮೆರಾದ ಮ್ಯಾಲ ಕೂಡಿಸೋ ಉದ್ದನ ಮೈಕಿನ ಮಾತೂ ಅಷ್ಟ. ಅದು ಅಕ್ಕಪಕ್ಕದ ಸದ್ದು ಸ್ವಲ್ಪ ಕಡಿಮಿ ಮಾಡ್ತೈತಿ, ಆದ್ರ ಲೆನ್ಸಿನಂಗ ದೂರದ್ದನ್ನ ಎಳಕೊಂಡು ಬರಂಗಿಲ್ಲ.

ಮನಿಗೆ ಸಾಕಾಗೂದು ಸೆರಗಿಗೆ ಸಿಗಿಸೋ ಸಣ್ಣ ವೈರಿನ ಮೈಕು. ಬೋಯಾ ಬಿವೈ-ಎಂ1 ಅನ್ನೂದು ಭಾಳ ಮಂದಿ ಬಳಸೂದು. ಅದರ ವೈರು 6 ಮೀಟರ್, ಅಂದ್ರ ಪಡಸಾಲಿ ಈ ತುದಿಯಿಂದ ಆ ತುದಿಗೆ ಮುಟ್ಟತೈತಿ. ಇಂಥ ಮೈಕಿನ ಒಳಗಿನ ತುಣುಕಿಗೆ ಎಲೆಕ್ಟ್ರೆಟ್ ಅಂತಾರ. 1962ರಾಗ ಅಮೆರಿಕದ ಬೆಲ್ ಲ್ಯಾಬ್ಸ್‌ನಾಗ ಜೇಮ್ಸ್ ವೆಸ್ಟ್, ಗೆರ್ಹಾರ್ಡ್ ಸೆಸ್ಲರ್ ಅನ್ನೋರು ಇದನ್ನ ಮಾಡಿದ್ರು. ಇದರ ಪೊರಿಗೆ ಹೊರಗಿನ ಕರೆಂಟ್ ಬೇಕಾಗಿಲ್ಲ. ಆದ್ರ ಪೊರಿಯಿಂದ ಹುಟ್ಟೋ ದನಿ ಭಾಳ ಸಣ್ಣದು. ಅದನ್ನ ಎತ್ತಿ ವೈರಿಗೆ ಕಳಿಸಾಕ ಒಳಗೊಂದು ಸಣ್ಣ ಟ್ರಾನ್ಸಿಸ್ಟರ್ ಐತಿ, ಅದಕ್ಕ ಕರೆಂಟ್ ಬೇಕು.

ಆ ಕರೆಂಟ್ ಎರಡು ದಾರಿಲೆ ಬರ್ತೈತಿ. ಫೋನು, ಭಾಳಷ್ಟು ಕ್ಯಾಮೆರಾಗಳು ಮೈಕಿನ ತೂತಿನಿಂದನ ಎರಡು ಮೂರು ವೋಲ್ಟ್ ಕೊಡ್ತಾವ. ಕೊಡದ ಕ್ಯಾಮೆರಾಕ್ಕ ಮೈಕಿನ ಡಬ್ಬಿಯೊಳಗ ಎಲ್ಆರ್44 ಅನ್ನೋ ಗುಂಡೀಯಂಥ ಸೆಲ್ಲು ಹಾಕಬೇಕು. ಹುಡುಗರ ಆಟಿಗಿ ಸಾಮಾನಿಗೂ ಅದನ್ನ ಹಾಕ್ತಾರ. ಅಧಿಕ ಗುರುತು ಯಾವ ಕಡೆ ಅಂತ ನೋಡಿ ಹಾಕ್ರಿ. ಮೈಕಿನ ಮ್ಯಾಲ ಫೋನಿಗೊಂದು, ಕ್ಯಾಮೆರಾಕ್ಕೊಂದು ಸ್ವಿಚ್ ಇದ್ರ ಅದನ್ನೂ ನೋಡ್ರಿ. ಕೆಲಸ ಮುಗಿದ ಮ್ಯಾಲ ಸೆಲ್ಲು ತೆಗೆದು ಇಡ್ರಿ, ಇಲ್ಲಂದ್ರ ಒಳಗ ಸೋರಿ ತಂತಿ ತಿಂತೈತಿ. ಸೆಲ್ಲು ಮಾತ್ರ ಕೂಸುಗಳ ಕೈಗೆ ಸಿಗಬಾರದು, ನುಂಗಿದ್ರ ಜೀವಕ್ಕ ಅಪಾಯ.

ಪಿನ್ನಿನ ಮ್ಯಾಲಿನ ಗೆರಿ ಎಣಿಸೂದು ಕಲೀರಿ. ಮೂರು ಗೆರಿ ಇದ್ರ ಫೋನಿಂದು, ಎರಡು ಗೆರಿ ಇದ್ರ ಕ್ಯಾಮೆರಾದ್ದು. ಹೊಸ ಫೋನಿಗೆ ಆ ಗುಂಡನ ತೂತ ಇರಂಗಿಲ್ಲ, ಅದಕ್ಕ ಟೈಪ್-ಸಿ ಮೈಕು ಕೇಳ್ರಿ. ಕ್ಯಾಮೆರಾಕ್ಕ ಮೈಕಿನ ತೂತ ಇಲ್ಲಂದ್ರೂ ಚಿಂತಿ ಬ್ಯಾಡ. ಮೈಕು ಫೋನಿಗೆ ಹಚ್ಚಿ ದನಿ ಬ್ಯಾರೆ ರೆಕಾರ್ಡ್ ಮಾಡ್ರಿ, ಶುರುವಿಗೆ ಕ್ಯಾಮೆರಾದ ಮುಂದ ಒಂದ್ ಚಪ್ಪಾಳಿ ಹೊಡೀರಿ. ಆ ಚಪ್ಪಾಳಿ ಹಿಡಕೊಂಡು ಚಿತ್ರಕ್ಕ ದನಿ ಜೋಡಿಸಾಕ ಬರ್ತೈತಿ.

ಭಜನಿಯವರ ಕೈ ಮೈಕ್ ತಂದ್ರ ಆಗಂಗಿಲ್ಲೇನು ಅಂತ ಕೇಳ್ತೀರಿ. ಅದಕ್ಕ ಸಾಮಾನ್ಯವಾಗಿ ಸೆಲ್ಲೂ ಬೇಡ, ಕರೆಂಟೂ ಬೇಡ, ಖರೆ. ಆದ್ರ ತುಟಿಗೆ ಹಿಡದ್ರ ಮಾತ್ರ ಅದು ಕೇಳ್ತೈತಿ, ಅದರ ದನಿ ಸಣ್ಣ ಕ್ಯಾಮೆರಾಕ್ಕ ಭಾಳ ಕಡಿಮಿ ಮುಟ್ಟತೈತಿ. ಸ್ಟುಡಿಯೋದಾಗಿನ ದೊಡ್ಡ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಬೇಕು. ಅದನ್ನ ಮಿಕ್ಸರ್ ಪೆಟಿಗಿಯಿಂದನೋ ದೊಡ್ಡ ರೆಕಾರ್ಡರಿಂದನೋ ಕೊಡಬೇಕು, ಮನಿ ಕ್ಯಾಮೆರಾ ಕೊಡಂಗಿಲ್ಲ. ವೈರಿಲ್ಲದ ಮೈಕು ಚಂದನ, ಆದ್ರ ಬಾಯಿ ಕಡೆದ್ದು, ಕ್ಯಾಮೆರಾ ಕಡೆದ್ದು ಎರಡೂ ಚಾರ್ಜ್ ಇರಬೇಕು. ಕರೆಂಟ್ ಹೋಗೋ ನಮ್ಮೂರಾಗ, ಬೆಳತನಕ ಹಾಡೋ ಮನಿಯಾಗ, ವೈರಿಂದು ಒಂದು ಜೋಡಿ ಇರಲಿ ಅಂತೀನಿ.

ಅಜ್ಜಿ ಮೈಕು ಕಂಡ್ರ ಬಾಯಿ ಬಿಡಂಗಿಲ್ಲ ಅಂತಾರ. ಸೆರಗಿಗೆ ಸಿಗಿಸಿದ್ದನ್ನ ಎರಡು ಹಾಡಿಗೆ ಮರೀತಾಳ. ಗದ್ದದಿಂದ ಒಂದ್ ಗೇಣು ಕೆಳಗ ಸಿಗಿಸ್ರಿ, ತಾಳಿಸರಕ್ಕ ಬಡೀದಂಗ, ಸೆರಗಿನ ಒಳಗ ಹುದುಗದಂಗ. ಬೀಸೋ ಪದ ಹಾಡಿಸಿದ್ರ ಕಲ್ಲಿನ ಸದ್ದೂ ಬರಲಿ, ಅದು ಪದದ ತಾಳ. ಮೈಕು ಬಾಯಿ ಹತ್ರ ಇದ್ರ ಕಲ್ಲು ಹಿಂದ ನಿಲ್ತೈತಿ, ಪದ ಮುಂದ ಬರ್ತೈತಿ. ನಾಕೈದು ಮಂದಿ ಕೂಡಿ ಹಾಡಿದ್ರ ನಡುವ ಒಂದ್ ಚೊಂಬು ಡಬ್ಬ ಹಾಕಿ, ಅದರ ಮ್ಯಾಲ ಅರಿವಿ ಮಡಚಿ, ಮೈಕು ಇಡ್ರಿ. ಈ ಮೈಕು ಸುತ್ತಲಿನ ದನಿ ಎಲ್ಲಾ ಕೇಳ್ತೈತಿ. ಬರೀ ಗ್ವಾಡಿ, ತಗಡಿನ ಖೋಲಿ ಇದ್ರ ಹಗ್ಗ ಕಟ್ಟಿ ಎರಡು ಕೌದಿ ಹಾಕ್ರಿ, ಗುಂಯ್ ಅನ್ನೂದು ಕಡಿಮಿ ಆಗ್ತೈತಿ. ಹೊರಗ ಗಾಳಿ ಇದ್ರ ಮೈಕಿಗೆ ಸ್ಪಂಜಿನ ಟೊಪ್ಪಗಿ ಬೇಕ ಬೇಕು. ಮೊದಲ ಅರ್ಧ ನಿಮಿಷ ಹಾಡಿಸಿ, ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಆಮ್ಯಾಲ ಪೂರಾ ಹಾಡಸ್ರಿ.

ಇದು ದೊಡ್ಡ ಮಾತು ಯಾಕಂದ್ರ, ನಮ್ಮ ಜಿಲ್ಲಾದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಾಗ, 96ರ ವಯಸ್ಸಿನ್ಯಾಗ, ತೊಗಲುಗೊಂಬಿ ಆಟಕ್ಕ ಪದ್ಮಶ್ರೀ ಬಂತು. ಆ ಆಟದಾಗ ಗೊಂಬಿ ಆಡಸೋರು ಪರದೆ ಹಿಂದ ಇರ್ತಾರ, ಮುಂದಿನವರಿಗೆ ಗೊಂಬಿ ನೆರಳು ಕಾಣ್ತೈತಿ, ಹಾಡು ಮಾತು ಹಿಂದಿನಿಂದ ಬರ್ತಾವ. ಮುಂದ ಕುಂತು ಫೋನ್ ಹಿಡದ್ರ ಅರ್ಧ ಆಟ ಮಾತ್ರ ಸಿಗ್ತೈತಿ. ನಮ್ಮ ಮನಿ ಅಜ್ಜಿಗಳಿಗೆ ಪ್ರಶಸ್ತಿ ಬರಂಗಿಲ್ಲ, ಅವರ ಪದ ಹಿಡಿಯಾಕ ಸರಕಾರದವರೂ ಬರಂಗಿಲ್ಲ. ನಾವ ಹಿಡೀಬೇಕು.

ಮುಂದಿನ ಮದುವಿಗೆ ವಿಡಿಯೋದವರಿಗೆ ಮುಂಗಡ ಕೊಡೂ ಮುಂದ ಮೂರು ಮಾತು ಹೇಳ್ರಿ. ಹಾಡೋರ ನಡುವ ಬ್ಯಾರೆ ಮೈಕು ಇಡಬೇಕು. ಸುರಗಿ, ಆರತಿ ಪದದ ಮ್ಯಾಲ ಸಿನಿಮಾ ಹಾಡು ಹಾಕಬಾರದು. ಕತ್ತರಿ ಹಾಕದ ಮೂಲ ದನಿ ಪೆನ್‌ಡ್ರೈವಿನ್ಯಾಗ ಕೊಡಬೇಕು. ವಾಟ್ಸಾಪಿನ್ಯಾಗ ಕಳಿಸಿದ್ದು ಒತ್ತಿ ಸಣ್ಣ ಮಾಡಿದ್ದು, ಅದನ್ನ ನಂಬಿ ಕೂಡಬ್ಯಾಡ್ರಿ. ಹಂಚೂ ಮುಂದ ಹಾಡಿದಾಕಿನ್ನ ಒಂದ್ ಮಾತು ಕೇಳ್ರಿ, ಪದ ಆಕಿದು.

ಈ ಶ್ರಾವಣದಾಗ ಮನಿಗೊಂದು ಪದ ಆದ್ರೂ ಹಿಡೀರಿ. ಸೆಲ್ಲು ಹೊಸದು ಹಾಕ್ರಿ.